ಬಾಸ್ ಮೀನಿನ ಸಾಮಾನು, ಕುಚ್ಚು ಮೀನಿನ ಕೆರೆ: ಕಯಾಕ್, ರಾಡ್, ದಾರ ಆರಿಸೋದು ಹೇಗೆ?

ಅಮೆರಿಕದಿಂದ ರಜೆಗೆ ಬಂದ ನಮ್ಮ ಚಿಕ್ಕಪ್ಪನ ಮಗ ನನ್ನ ಕೈಗೊಂದು ಡಬ್ಬಿ ಕೊಟ್ಟ. ತೆಗೆದು ನೋಡಿದರೆ ರಬ್ಬರ್ ಹುಳ, ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮೀನು, ಮಿನುಗುವ ತಗಡು. ಎಲ್ಲವೂ ಬಾಸ್ ಮೀನು ಹಿಡಿಯುವ ಸಾಮಾನು. "ಅಲ್ಲೋ, ದಾವಣಗೆರೆ ಜಿಲ್ಲೆಯಲ್ಲಿ ಬಾಸ್ ಎಲ್ಲೈತಿ?" ಅಂದೆ. "ಬಾಸ್ ಇಲ್ಲದಿದ್ರೆ ಏನಾತು, ಸೂಳೆಕೆರೆ ಐತಲ್ಲ" ಅಂದ.

ಅವನು ಹೇಳಿದ್ದು ಅರ್ಧ ಸರಿ. ಇನ್ನರ್ಧ ಕಲಿಯೋಕೆ ನನಗೆ ಒಂದು ಪಂಕ್ಚರ್ ಆದ ದೋಣಿ, ಒಂದು ಮುರಿದ ರಾಡ್ (ಗಾಳದ ಕೋಲು) ಬೇಕಾಯಿತು. ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ಕಿರಿದಾದ ದೋಣಿ, ಅದರ ಮೇಲೆ ಕೂತು ಗಾಳ ಹಾಕುವ ಆಸೆ ಈಗ ನಮ್ಮ ಕಡೆ ಹುಡುಗರಿಗೂ ಹತ್ತಿದೆ. ವಿಡಿಯೋ ನೋಡುತ್ತಾರೆ, ಅದರಲ್ಲಿ ತೋರಿಸಿದ್ದನ್ನೇ ತರಿಸುತ್ತಾರೆ. ಆದರೆ ಆ ವಿಡಿಯೋಗಳು ಬೇರೆ ಮೀನಿಗೆ, ಬೇರೆ ನೀರಿಗೆ ಮಾಡಿದವು.

ಬಾಸ್ ಅಂದರೆ ಅಲ್ಲಿನವರಿಗೆ ಮುಖ್ಯವಾಗಿ ಲಾರ್ಜ್‌ಮೌತ್ ಬಾಸ್, ದೊಡ್ಡ ಬಾಯಿಯ ಮೀನು. ಉತ್ತರ ಅಮೆರಿಕದ್ದು. 1932ರಲ್ಲಿ ಜಾರ್ಜ್ ಪೆರ್ರಿ ಎಂಬಾತ ಜಾರ್ಜಿಯಾ ರಾಜ್ಯದಲ್ಲಿ ಹಿಡಿದ 22 ಪೌಂಡ್ 4 ಔನ್ಸಿನ ಬಾಸ್, ಅಂದರೆ ಸುಮಾರು 10 ಕೆಜಿ, ಇವತ್ತಿಗೂ ದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದ ಮೀನು ಅದಕ್ಕೆ ಸಮನಾಯಿತು. ಇಂಥ ಹುಚ್ಚು ಇರುವ ಕಡೆ ಸಾಮಾನೂ ಅಷ್ಟೇ ಥರಾವರಿ ಹುಟ್ಟುತ್ತದೆ. ಹುಳಕ್ಕೊಂದು ರಾಡ್, ಕಪ್ಪೆಗೊಂದು ರಾಡ್.

ನಮ್ಮ ಕೆರೆಗಳಲ್ಲಿ ಬಾಸ್ ಹಾಗೆ ಹೊಂಚು ಹಾಕಿ ಹೊಡೆಯುವ ಮೀನು ಅಂದರೆ ಕುಚ್ಚು. ಕೊರಮೀನು ಅನ್ನಿ, ಮುರ್ರೆಲ್ ಅನ್ನಿ, ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಬಾಸ್‌ನಂತೆ ಇದೂ ಗಿಡಗಂಟಿಯ ನೆರಳಲ್ಲಿ ನಿಂತು ಕಪ್ಪೆ, ಸಣ್ಣ ಮೀನು ಹಾಯುವುದನ್ನೇ ಕಾಯುತ್ತದೆ. ಹಾಗಾಗಿ ಬಾಸ್ ಲ್ಯೂರ್, ಅಂದರೆ ಆ ಡಬ್ಬಿಯಲ್ಲಿದ್ದಂಥ ನಕಲಿ ಎರೆ, ಇದಕ್ಕೂ ನಡೆಯುತ್ತದೆ. ವ್ಯತ್ಯಾಸ ಇರುವುದು ಬಾಯಲ್ಲಿ ಮತ್ತು ಮನೆಯಲ್ಲಿ. ಕುಚ್ಚಿನ ಬಾಯಿ ಮೂಳೆಯಂತೆ ಗಟ್ಟಿ, ಒಳಗೆ ಚೂಪು ಹಲ್ಲು. ಅದರ ಮನೆ ಅಂತರಗಂಗೆ, ಜೊಂಡು, ಪಾಚಿಯ ದಪ್ಪ ಹೊದಿಕೆ. ಮೇಲೆ ಬಂದು ಗಾಳಿ ಕುಡಿಯುವ ಮೀನು ಅದು, ನೀರಲ್ಲಿ ಉಸಿರು ಕಡಿಮೆ ಇದ್ದರೂ ಬದುಕುತ್ತದೆ. ಬೆಳಗಿನ ಆರು ಗಂಟೆಗೆ ಸುಮ್ನೆ ಕೂತು ಕಿವಿ ಕೊಟ್ಟರೆ 'ಗುಳುಕ್' ಅಂತ ಒಂದು ಸದ್ದು ಕೇಳುತ್ತದೆ. ಸಾವಿರಾರು ರೂಪಾಯಿಯ ಮೀನು ಹುಡುಕುವ ಯಂತ್ರಕ್ಕಿಂತ ನನಗೆ ಆ ಸದ್ದಿನ ಮೇಲೆ ನಂಬಿಕೆ ಜಾಸ್ತಿ. ಹಾಗಾಗಿ ಫಿಶ್ ಫೈಂಡರ್ ಬೇಕಾ ಅಂತ ಕೇಳಬೇಡಿ. ಗಿಡದೊಳಗೆ ಅದಕ್ಕೆ ಗಿಡವೇ ಕಾಣುವುದು.

ಮೊದಲು ನೀರು, ಆಮೇಲೆ ದೋಣಿ

ಅಂಗಡಿಗೆ ಹೋಗುವ ಮುಂಚೆ ನೀವು ಎಲ್ಲಿ ಇಳಿಯುತ್ತೀರಿ ಅಂತ ತೀರ್ಮಾನ ಮಾಡಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ತುಂಬಿದಾಗ 6,000 ಎಕರೆಗೂ ಮೀರಿ ಹರಡಿಕೊಳ್ಳುತ್ತದೆ. ಎರಡು ಗುಡ್ಡದ ನಡುವೆ ಚಿಕ್ಕ ಏರಿ, ಹಿಂದೆ ಕಣ್ಣು ಹಾಯುವಷ್ಟು ನೀರು. ನಡುನೀರಲ್ಲಿ ಕಯಾಕ್‌ಗೆ ಏನೂ ಕೆಲಸ ಇಲ್ಲ. ಅಂಚಿನ ಜೊಂಡಿನ ಪಕ್ಕ ಹೋಗಬೇಕು. ಹಿರಿಯೂರಿನ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ, ಇನ್ನೊಂದು ಜಾತಿ. 1907ರಲ್ಲಿ ಮುಗಿದ ಅಣೆಕಟ್ಟು, 1933ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಒಣಗಿದ್ದ ಅಂಚು ಈಗ ನೀರಿನಡಿ ಇದೆ. ಅಲ್ಲಿ ಬೆಳೆದಿದ್ದ ಜಾಲಿಯೂ ಅಲ್ಲೇ ಇದೆ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಗಾಳಿಯೂ ಬೇರೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಬೀಸುವ ಗಾಳಿಗೆ ಮಾರಿಕಣಿವೆಯ ನೀರು ಮಧ್ಯಾಹ್ನ ಅಲೆ ಎಬ್ಬಿಸುತ್ತದೆ. ಆ ತಿಂಗಳುಗಳಲ್ಲಿ ನಾನು ಅಲ್ಲಿಗೆ ಹೋಗೋದೇ ಇಲ್ಲ. ಹರಿಹರ, ಹೊನ್ನಾಳಿ ಕಡೆಯ ತುಂಗಭದ್ರೆಗೂ ಕಯಾಕ್ ಇಳಿಸಬೇಡಿ. ಹರಿವು ಇದೆ, ಬಂಡೆ ಇದೆ, ಮೊಸಳೆಯೂ ಇದೆ. ದಡದಿಂದಲೇ ಗಾಳ ಹಾಕಿ, ಸಾಕು.

ಇನ್ನೊಂದು ಮಾತು. ಕೆರೆ ಖಾಲಿ ಕಂಡರೂ ಅದಕ್ಕೆ ಹಕ್ಕುದಾರರು ಇರುತ್ತಾರೆ. ಮೀನುಗಾರರ ಸಂಘವೋ ಗುತ್ತಿಗೆದಾರರೋ ಮರಿ ಬಿಟ್ಟು ಸಾಕಿರುತ್ತಾರೆ. ಜಲಾಶಯವಾದರೆ ನೀರಾವರಿ ಇಲಾಖೆಯ ಅನುಮತಿಯೂ ಬೇಕು. ಬಲೆಯವರನ್ನು ಕೇಳಿ ಇಳಿದರೆ ಅವರೇ ಜಾಗ ತೋರಿಸುತ್ತಾರೆ. ಕೇಳದೆ ಇಳಿದು ಅವರ ಬಲೆಯ ಮೇಲೆ ಹಾಯ್ದರೆ ಬೈಗುಳ ಗ್ಯಾರಂಟಿ, ಅದು ನ್ಯಾಯವೂ ಹೌದು.

ಗಾಳಿ ತುಂಬುವುದಾ, ಗಟ್ಟಿ ಪ್ಲಾಸ್ಟಿಕ್ಕಾ?

ಎಲ್ಲರೂ ಮೊದಲು ನೋಡುವುದು ಗಾಳಿ ತುಂಬುವ ಕಯಾಕ್. ಕಾರಣ ಸರಳ: ಮಡಚಿದರೆ ಒಂದು ಚೀಲ, ಮಹಡಿ ಮನೆಯಲ್ಲೂ ಮಂಚದ ಕೆಳಗೆ ಹಿಡಿಯುತ್ತದೆ, ಬೆಲೆಯೂ ಕಡಿಮೆ. ನಾನೂ ಮೊದಲು ಅದನ್ನೇ ತಗೊಂಡೆ. ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ದಿನ ಹಿರಿಯೂರು ಕಡೆಯ ಹಿನ್ನೀರಿನಲ್ಲಿ, ದಡದಿಂದ ಇನ್ನೂರು ಮೀಟರ್ ದೂರದಲ್ಲಿ, ಕಾಲಿನ ಹತ್ತಿರ 'ಸುಯ್' ಅಂತ ಸದ್ದು. ನೀರಿನಡಿ ಬೆರಳುದ್ದ ಮುಳ್ಳಿನ ಜಾಲಿ ಕೊಂಬೆ. ಹೇಳಿದೆನಲ್ಲ, ನೆನಪಿಡಿ ಅಂತ. ಐದು ನಿಮಿಷದಲ್ಲಿ ದೋಣಿಯ ಬಲಗಡೆ ಆರಿದ ಪೂರಿ ಹಾಗಾಯಿತು. ಇಂಥ ಕಯಾಕ್‌ನಲ್ಲಿ ಗಾಳಿಯ ಕೋಣೆಗಳು ಬೇರೆ ಬೇರೆ ಇರುತ್ತವೆ. ಒಂದು ಹೋದರೂ ಉಳಿದವು ತೇಲಿಸುತ್ತವೆ. ಹಾಗಾಗಿ ಮುಳುಗಲಿಲ್ಲ. ಆದರೆ ಎಡಕ್ಕೆ ಹುಟ್ಟು ಹಾಕಿದರೆ ಬಲಕ್ಕೆ, ಬಲಕ್ಕೆ ಹಾಕಿದರೂ ಬಲಕ್ಕೆ. ದಡ ಮುಟ್ಟುವಷ್ಟರಲ್ಲಿ ಸಾಕಾಯಿತು.

ಹಾಗಂತ ಅದನ್ನು ಪೂರ್ತಿ ತಳ್ಳಿಹಾಕಲ್ಲ. ಜಾಲಿ ಇಲ್ಲದ, ನೀರು ತಿಳಿಯಾದ ಸಣ್ಣ ಕೆರೆಗೆ, ತಿಂಗಳಿಗೊಮ್ಮೆ ಹೋಗುವವರಿಗೆ ಅದು ಸಾಕು. ತಗೊಳ್ಳುವುದಾದರೆ ತಳ ಹಲಗೆಯಂತೆ ಗಟ್ಟಿಯಾಗುವ ಡ್ರಾಪ್ ಸ್ಟಿಚ್ ಬಗೆಯದನ್ನು ನೋಡಿ. ಹಾಸಿಗೆಯಂತೆ ಮೆತ್ತಗಿರುವ ತಳದಲ್ಲಿ ಕೂತರೆ ಸೊಂಟ ಹಿಡಿಯುತ್ತದೆ, ಎಸೆತಕ್ಕೆ ಬಲವೂ ಸಿಗಲ್ಲ. ಮತ್ತೆ ನಮ್ಮ ಬಿಸಿಲು. ಬೆಳಗಿನ ತಂಪಿನಲ್ಲಿ ಬಿಗಿಯಾಗಿ ಗಾಳಿ ತುಂಬಿ, ತಿಂಡಿಗೆ ಅಂತ ದಡಕ್ಕೆ ಎಳೆದು ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಟ್ಟುಬಿಡಿ, ಇಲ್ಲವೇ ನೆರಳಿಗೆ ಎಳೆಯಿರಿ.

ಈಗ ನನ್ನ ಹತ್ತಿರ ಇರುವುದು ಗಟ್ಟಿ ಪ್ಲಾಸ್ಟಿಕ್ಕಿನ 'ಮೇಲೆ ಕೂರುವ' ಕಯಾಕ್. ಮನೆ ಮೇಲಿನ ನೀರಿನ ಟ್ಯಾಂಕ್ ಮಾಡುತ್ತಾರಲ್ಲ, ಅದೇ ಪಾಲಿಥೀನ್, ಅಚ್ಚನ್ನು ತಿರುಗಿಸುತ್ತಾ ಕಾಯಿಸುವ ಅದೇ ವಿಧಾನ. ಕಲ್ಲಿಗೆ ಉಜ್ಜಿದರೆ ಗೀರು ಬೀಳುತ್ತದೆ, ತೂತು ಬೀಳಲ್ಲ. ಮೇಲ್ಭಾಗದಲ್ಲಿ ಸಣ್ಣ ತೂತುಗಳು ಇರುತ್ತವೆ, ಒಳಗೆ ಬಂದ ನೀರು ತಾನೇ ಕೆಳಗೆ ಹರಿದು ಹೋಗುತ್ತದೆ. ಮಗುಚಿದರೂ ತಿರುಗಿಸಿ ಮತ್ತೆ ಹತ್ತಬಹುದು. ಒಳಗೆ ಕಾಲು ತೂರಿಸಿ ಕೂರುವ ಬಗೆ ಹಾಗಲ್ಲ. ಮಗುಚಿದರೆ ಒಳಗೆ ನೀರು ತುಂಬಿಕೊಳ್ಳುತ್ತದೆ, ನಡುನೀರಲ್ಲಿ ಖಾಲಿ ಮಾಡೋದು ಒಬ್ಬರ ಕೈಯಲ್ಲಿ ಆಗಲ್ಲ. ಚಳಿ ದೇಶದವರಿಗೆ ಅದು ಬೇಕು, ಕಾಲು ಬೆಚ್ಚಗಿರುತ್ತೆ. ನಮಗೆ ಯಾಕೆ?

ಅಳತೆಯ ವಿಚಾರದಲ್ಲಿ ವಿಡಿಯೋದವರು 12-13 ಅಡಿ ಅನ್ನುತ್ತಾರೆ. ಉದ್ದ ಇದ್ದಷ್ಟೂ ನೇರ ಓಡುತ್ತದೆ, ನಿಜ. ಆದರೆ ನಮ್ಮಲ್ಲಿ ದೂರ ಹೋಗುವ ಕೆಲಸ ಕಡಿಮೆ, ಜೊಂಡಿನ ಸಂದಿಯಲ್ಲಿ ತಿರುಗಿಸುವ ಕೆಲಸ ಜಾಸ್ತಿ. 10 ಅಡಿ ಉದ್ದ, 32-34 ಇಂಚು ಅಗಲ ನನಗೆ ಸರಿ ಅನ್ನಿಸಿದ್ದು. 30 ಇಂಚಿಗಿಂತ ಕಿರಿದಾದರೆ ಸ್ವಲ್ಪ ಬಾಗಿದರೂ ಎದೆ ಝಲ್ಲೆನ್ನುತ್ತದೆ. ಹೊರುವ ತೂಕ ಅಂತ ಬರೆದಿರುವುದರಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. 150 ಕೆಜಿ ಅಂದರೆ ನೀವು, ಸಾಮಾನು, ನೀರಿನ ಬಾಟಲಿ, ಮಂಡಕ್ಕಿ ಪೊಟ್ಟಣ ಎಲ್ಲ ಸೇರಿ 100.

ಇದರ ಕಷ್ಟ ಇರುವುದು ನೀರಲ್ಲಲ್ಲ, ರಸ್ತೆಯಲ್ಲಿ. ದೋಣಿಯೇ 25-30 ಕೆಜಿ. ಕಾರಿನ ಮೇಲೆ ಕಟ್ಟಬೇಕು, ಇಲ್ಲವೇ ಲಗೇಜ್ ಆಟೋ. ಏರಿಯಿಂದ ನೀರಿನ ತನಕ ಹೊರಲು ಇನ್ನೊಬ್ಬ ಬೇಕು. ಬೈಕ್ ಮಾತ್ರ ಇರುವವರಿಗೆ ಇದು ಆಗದ ಮಾತು. ಅವರಿಗೆ ಗಾಳಿ ತುಂಬುವುದೇ ಗತಿ, ಅದರಲ್ಲಿ ತಪ್ಪೇನಿಲ್ಲ.

ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಬಗ್ಗೆ ಎರಡೇ ಮಾತು. 1997ರಲ್ಲಿ ಹೋಬಿ ಕಂಪನಿ ತುಳಿದರೆ ರೆಕ್ಕೆಯಂತೆ ಆಡುವ ಯಂತ್ರ ತಂದ ಮೇಲೆ ಅಮೆರಿಕದ ಬಾಸ್ ಬೇಟೆಯ ರೀತಿಯೇ ಬದಲಾಯಿತು, ಕೈ ಎರಡೂ ರಾಡಿಗೆ ಸಿಕ್ಕವು. ನಮ್ಮ ಅಂತರಗಂಗೆಯಲ್ಲಿ ಆ ರೆಕ್ಕೆಗೆ ಬಳ್ಳಿ ಸುತ್ತಿಕೊಂಡರೆ ಬಿಡಿಸುವುದರಲ್ಲೇ ಬೆಳಗು ಮುಗಿಯುತ್ತದೆ. ದುಡ್ಡೂ ತುಂಬ ಜಾಸ್ತಿ.

ಮತ್ತೆ ತೆಪ್ಪ? ಬಲೆಯವರ ತೆಪ್ಪದಲ್ಲಿ ನಾನೂ ಕೂತು ಗಾಳ ಹಾಕಿದ್ದೇನೆ. ಕಯಾಕ್‌ಗಿಂತ ಸದ್ದಿಲ್ಲ, ಜೊಂಡಿನ ಮೇಲೂ ಜಾರುತ್ತದೆ. ಆದರೆ ಒಂಟಿಯಾಗಿ ಹುಟ್ಟು ಹಾಕಲು ಹೋದರೆ ಬುಗುರಿಯಂತೆ ತಿರುಗುತ್ತದೆ. ನಡೆಸುವವರು ಬೇರೆ ಇದ್ದರೆ, ಅವರಿಗೆ ಅರ್ಧ ದಿನದ ಕೂಲಿ ಕೊಟ್ಟು ಹೋಗುವುದೇ ಮೊದಲ ಸಲಕ್ಕೆ ಒಳ್ಳೆಯದು. ದೋಣಿ ಕೊಳ್ಳುವ ಮುಂಚೆ ನಿಮಗೆ ಈ ಚಟ ನಿಜವಾಗಿಯೂ ಬೇಕಾ ಅಂತ ಗೊತ್ತಾಗುತ್ತೆ.

ಜಾಕೆಟ್‌ನಲ್ಲಿ ಜುಗ್ಗತನ ಬೇಡ

ಜನ ಹದಿನೈದು ಸಾವಿರದ ರಾಡ್-ರೀಲ್ ತಗೊಂಡು, ಲೈಫ್ ಜಾಕೆಟ್ ಮಾತ್ರ ಎಲ್ಲಿಂದಲೋ ಎರವಲು ತರುತ್ತಾರೆ. ಬೋಟಿಂಗ್ ಜಾಗಗಳಲ್ಲಿ ಕೊಡುವ ಆ ದಪ್ಪ ಕಿತ್ತಳೆ ಜಾಕೆಟ್ ಹಾಕಿಕೊಂಡು ಹತ್ತು ಸಲ ಎಸೆದು ನೋಡಿ. ಕುತ್ತಿಗೆ ಉಜ್ಜುತ್ತದೆ, ಕೈ ಏಳಲ್ಲ. ಆಮೇಲೆ ಬಿಚ್ಚಿ ಸೀಟಿನ ಹಿಂದೆ ಇಡುತ್ತೀರಿ. ಸೀಟಿನ ಹಿಂದಿರುವ ಜಾಕೆಟ್ ಸೀಟನ್ನು ಮಾತ್ರ ಕಾಪಾಡುತ್ತದೆ.

ಕಯಾಕ್‌ಗೆಂದೇ ಮಾಡಿದ ಜಾಕೆಟ್‌ನಲ್ಲಿ ತೋಳಿನ ಕಡೆ ಅಗಲ ಜಾಗ, ಬೆನ್ನಿನ ಫೋಮ್ ಮೇಲ್ಗಡೆ ಮಾತ್ರ ಇರುತ್ತದೆ. ಹಾಗಾಗಿ ಸೀಟಿಗೆ ಒರಗಿದರೂ ಜಾಕೆಟ್ ಗಲ್ಲಕ್ಕೆ ಏರಲ್ಲ. ಒಳಗಿನ ಚೀಟಿಯಲ್ಲಿ ತೇಲಿಸುವ ಬಲ ನೋಡಿ: 50 ನ್ಯೂಟನ್ ಅಂದರೆ ಈಜು ಬರುವವರಿಗೆ ತೇಲಲು ನೆರವು ಅಷ್ಟೇ. 100 ನ್ಯೂಟನ್ ಅಂದರೆ ಮುಖ ಮೇಲೆ ಮಾಡಿ ತೇಲಿಸಲೆಂದು ಮಾಡಿದ್ದು. ಈಜು ಬರದವರಿಗೆ 50 ಸಾಲದು. ಈಜು ಬರದವರು ಮೊದಲು ಈಜು ಕಲಿಯಿರಿ ಅಂತ ನಾನು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ದಾರ ಎಳೆದರೆ ತಾನೇ ಉಬ್ಬುವ ಜಾಕೆಟ್ ಹಗುರ, ಬಿಸಿಲಿಗೂ ಹಿತ. ಆದರೆ ಅದರ ಗ್ಯಾಸ್ ಸಿಲಿಂಡರ್ ಒಮ್ಮೆ ಖರ್ಚಾದರೆ ಬದಲಿ ಸಿಲಿಂಡರ್ ಹುಡುಕಬೇಕು, ಜೊತೆಗೆ ಜಾಲಿ ಮುಳ್ಳಿನ ಭಯ. ನಾನು ಫೋಮಿನದನ್ನೇ ಹಾಕೋದು. ಬೆವರುತ್ತೆ, ಬೆವರಲಿ.

ಹುಟ್ಟಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅಗಲ ಕಯಾಕ್‌ಗೆ 240ರಿಂದ 250 ಸೆಂಟಿಮೀಟರ್ ಉದ್ದ ಬೇಕು. ಗಿಡ್ಡದಾದರೆ ಬೆರಳ ಗೆಣ್ಣು ದೋಣಿಯ ಅಂಚಿಗೆ ಬಡಿಯುತ್ತದೆ. ಅಲ್ಯೂಮಿನಿಯಂ ಅಗ್ಗ, ಭಾರ. ಫೈಬರ್ ಹಗುರ. ದಿನಪೂರ್ತಿ ಎತ್ತಿ ಇಳಿಸುವ ವಸ್ತು ಅದೊಂದೇ, ಆದ್ದರಿಂದ ರಾಡಿಗಿಂತ ಮೊದಲು ಅದಕ್ಕೆ ದುಡ್ಡು ಹಾಕಿ. ಒಂದು ಹಗ್ಗದಿಂದ ದೋಣಿಗೆ ಕಟ್ಟಿರಿ. ಮೀನು ಎಳೆಯುವ ಗಡಿಬಿಡಿಯಲ್ಲಿ ಹುಟ್ಟು ನೀರಿಗೆ ಬಿದ್ದರೆ ಮೀನು ಸಿಕ್ಕರೂ ಮನೆ ಸಿಗಲ್ಲ.

ರಾಡ್, ರೀಲ್

ಬಾಸ್‌ಗೆಂದು ಮಾರುವ ರಾಡಿನ ಮೇಲೆ ಎರಡು ಗುಣ ಬರೆದಿರುತ್ತಾರೆ. ಪವರ್ ಅಂದರೆ ಎಷ್ಟು ಬಿಗಿ, ಆ್ಯಕ್ಷನ್ ಅಂದರೆ ಎಲ್ಲಿಂದ ಬಾಗುತ್ತದೆ. ತುದಿ ಮಾತ್ರ ಬಾಗುವುದು ಫಾಸ್ಟ್. ಕುಚ್ಚಿನ ಗಟ್ಟಿ ಬಾಯಿಗೆ ಗಾಳ ನೆಡಬೇಕು, ಗಿಡದಿಂದ ಎಳೆದು ಹೊರಗೆ ತರಬೇಕು. ಹಾಗಾಗಿ ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್. ಬಾಸ್‌ನವರು ರಬ್ಬರ್ ಹುಳಕ್ಕೆ ಬಳಸುವ ಮೀಡಿಯಂ ರಾಡನ್ನೇ ನನ್ನ ತಮ್ಮ ತಂದಿದ್ದ. ಮೊದಲ ದೊಡ್ಡ ಮೀನು ಹೊಡೆದಾಗ ಅದು ಬಿಲ್ಲಿನಂತೆ ಬಾಗಿತು, ಮೀನು ನೆಮ್ಮದಿಯಾಗಿ ಅಂತರಗಂಗೆಯೊಳಗೆ ಹೋಗಿ ಕೂತಿತು.

ಆ ರಾಡ್ ಮುರಿದದ್ದು ಇನ್ನೊಂದು ದಿನ, ಇನ್ನೊಂದು ತಪ್ಪಿನಿಂದ. ಮೀನು ದೋಣಿಯ ಕೆಳಗೆ ನುಗ್ಗಿತು, ನಾನು ರಾಡನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದೆ. ಟಪ್. ಆಗ ಮಾಡಬೇಕಾದದ್ದು ತುದಿಯನ್ನು ನೀರಿಗೆ ಅದ್ದಿ, ದೋಣಿಯ ಮೂತಿಯನ್ನು ಸುತ್ತಿಸಿ ಇನ್ನೊಂದು ಕಡೆ ತರುವುದು. ಅದಕ್ಕೆ ಉದ್ದ ಬೇಕು. ಆರಡಿಯ ರಾಡ್ ಸಾಲದು. ಏಳೂವರೆ ಅಡಿಯಾದರೆ ಮೀನನ್ನು ಹತ್ತಿರ ತರುವಾಗ ಕೈ ಸಾಲದು. ಆರೂವರೆಯಿಂದ ಏಳು ಅಡಿ ಸರಿ. ಹಿಡಿಯ ಹಿಂಭಾಗ ಗಿಡ್ಡ ಇರಲಿ, ಕೂತು ಎಸೆಯುವಾಗ ಉದ್ದ ಹಿಡಿ ಜಾಕೆಟ್‌ಗೆ ಸಿಕ್ಕಿಕೊಳ್ಳುತ್ತದೆ.

ರೀಲ್, ಅಂದರೆ ದಾರ ಸುತ್ತುವ ಚಕ್ರ, ಅದರಲ್ಲಿ ಜಗಳ ಸ್ಪಿನ್ನಿಂಗ್ ಮತ್ತು ಬೇಟ್‌ಕಾಸ್ಟರ್ ನಡುವೆ. ಸ್ಪಿನ್ನಿಂಗ್‌ನಲ್ಲಿ ಎಸೆಯುವಾಗ ದಾರದ ಉರುಳೆ (ಸ್ಪೂಲ್) ತಿರುಗಲ್ಲ, ಬೇಟ್‌ಕಾಸ್ಟರ್‌ನಲ್ಲಿ ತಿರುಗುತ್ತದೆ. ಬಾಸ್ ಲೋಕದಲ್ಲಿ ಬೇಟ್‌ಕಾಸ್ಟರ್‌ಗೇ ಮರ್ಯಾದೆ. ಗುರಿ ಚೆನ್ನಾಗಿ ಸಿಗುತ್ತದೆ, ದಪ್ಪ ದಾರ ಹಿಡಿಯುತ್ತದೆ, ಎಳೆಯುವ ಬಲ ಜಾಸ್ತಿ. 7:1 ಅಂತ ಬರೆದಿದ್ದರೆ ಹಿಡಿಕೆ ಒಂದು ಸುತ್ತಿದಾಗ ಸ್ಪೂಲ್ ಏಳು ಸುತ್ತು ತಿರುಗುತ್ತದೆ. ಗಿಡದಿಂದ ಮೀನನ್ನು ಬೇಗ ಎಬ್ಬಿಸಲು ಈ ವೇಗ ಬೇಕು. ಆದರೆ ಲ್ಯೂರ್ ಹೋಗುವುದಕ್ಕಿಂತ ಸ್ಪೂಲ್ ಜೋರಾಗಿ ತಿರುಗಿದರೆ ದಾರ ಗುಬ್ಬಿ ಗೂಡಾಗುತ್ತದೆ. ಹೆಬ್ಬೆರಳಿನಲ್ಲಿ ತಡೆಯುವುದು ಕಲಿಯಬೇಕು. ಎದುರುಗಾಳಿಯಲ್ಲಿ ಕಲಿಯಲು ಹೋಗಬೇಡಿ. ನೀವು ಗೂಡು ಬಿಡಿಸುತ್ತಾ ಕೂತಿರುವಾಗ ಗಾಳಿ ನಿಮ್ಮನ್ನು ಜೊಂಡಿನೊಳಗೆ ಒಯ್ದಿರುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲ ವರ್ಷ 3000 ಸೈಜಿನ ಸ್ಪಿನ್ನಿಂಗ್ ರೀಲ್. ಬೇಟ್‌ಕಾಸ್ಟರ್ ಬೇಕೇಬೇಕು ಅಂದರೆ ಮನೆಯ ಮಹಡಿ ಮೇಲೆ ಒಂದು ನಟ್ ಕಟ್ಟಿ, ಬಕೆಟ್ ಇಟ್ಟು ಒಂದು ತಿಂಗಳು ಎಸೆಯಿರಿ. ಪಕ್ಕದ ಮನೆಯವರು ಏನೋ ಆಗಿದೆ ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ದಾರದಲ್ಲಿ ಮಾತ್ರ ಅನುಮಾನವೇ ಇಲ್ಲ, ಹೆಣೆದ ದಾರ, ಬ್ರೇಡ್. ಮಾನೋ, ಅಂದರೆ ನಾವು ಚಿಕ್ಕಂದಿನಿಂದ ನೋಡಿದ ನೈಲಾನ್ ತಂತಿ, ರಬ್ಬರಿನಂತೆ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ನೀವು ಎಳೆದ ಬಲ ಗಾಳದ ತನಕ ಪೂರ್ತಿ ಮುಟ್ಟಲ್ಲ. ಫ್ಲೋರೋಕಾರ್ಬನ್ ನೀರಲ್ಲಿ ಕಾಣಿಸುವುದು ಕಡಿಮೆ, ಆದರೆ ಮುಳುಗುತ್ತದೆ, ತೇಲುವ ಕಪ್ಪೆಯ ಮೂತಿಯನ್ನು ಕೆಳಗೆ ಎಳೆಯುತ್ತದೆ. ಬ್ರೇಡ್ ತೇಲುತ್ತದೆ, ಹಿಗ್ಗಲ್ಲ, ಪಾಚಿಯನ್ನು ಕೊಯ್ದುಕೊಂಡು ಬರುತ್ತದೆ. 40-50 ಪೌಂಡ್ ಎಳೆತ ತಡೆಯುವುದು ಸಾಕು.

ಅದರ ಅಪಾಯವೂ ಗಟ್ಟಿತನದಲ್ಲೇ ಇದೆ. ಗಾಳ ಜಾಲಿ ಬೊಡ್ಡೆಗೆ ಸಿಕ್ಕಿಕೊಂಡಾಗ ಕೈಗೆ ಸುತ್ತಿ ಎಳೆದರೆ ಬೆರಳು ಕೊಯ್ಯುತ್ತದೆ. ದೋಣಿಯ ಪಕ್ಕಕ್ಕೆ ಎಳೆದರೆ ದಾರ ಹರಿಯುವ ಮುಂಚೆ ನೀವೇ ಮಗುಚುತ್ತೀರಿ. ದೋಣಿಯ ಮೂತಿಯನ್ನು ಬೊಡ್ಡೆಯ ಕಡೆ ತಿರುಗಿಸಿ, ಹತ್ತಿರ ಹೋಗಿ ಬಿಡಿಸಿ. ಆಗದಿದ್ದರೆ ಕತ್ತರಿಸಿ. ಕತ್ತರಿ ಜಾಕೆಟ್‌ಗೇ ಕಟ್ಟಿರಲಿ.

ಲ್ಯೂರ್‌ಗಳಲ್ಲಿ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಯೇ ನಮ್ಮ ಕೆರೆಗಳ ರಾಜ. ಎರಡು ಕೊಕ್ಕೆ ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರುತ್ತವೆ, ಗಿಡದ ಮೇಲೆ ಜಾರಿಕೊಂಡು ಬರುತ್ತದೆ. ಮೀನು ಕಚ್ಚಿದಾಗ ಹೊಟ್ಟೆ ಅಮುಕಿ ಕೊಕ್ಕೆ ಹೊರಬರುತ್ತದೆ. ನೀರು ಚಿಮ್ಮಿದ ಕೂಡಲೇ ಎಳೆಯಬೇಡಿ, 'ಒಂದು, ಎರಡು' ಅಂತ ಎಣಿಸಿ, ಆಮೇಲೆ ಜೋರಾಗಿ ಎಳೆಯಿರಿ. ಬಯಲು ನೀರಿದ್ದರೆ ತಗಡು ತಿರುಗುವ ಸ್ಪಿನ್ನರ್‌ಬೇಟ್. ಮೂರು ಕೊಕ್ಕೆಯ ಪ್ಲಾಸ್ಟಿಕ್ ಮೀನು ಅಂಗಡಿಯಲ್ಲಿ ಚೆಂದ, ಕೆರೆಯಲ್ಲಿ ಒಂದೊಂದು ಎಸೆತಕ್ಕೂ ಒಂದು ಹಿಡಿ ಪಾಚಿ ತರುತ್ತದೆ. ಗಾಳಿ ತುಂಬುವ ಕಯಾಕ್ ಇರುವವರು ಅದನ್ನು ಮುಟ್ಟಲೇಬೇಡಿ. ಜೀವಂತ ಕಪ್ಪೆ ಚುಚ್ಚುವ ಹಳೇ ಪದ್ಧತಿ ನಾನು ಬಿಟ್ಟೆ. ರಬ್ಬರ್ ಕಪ್ಪೆಗೇ ಅಷ್ಟು ಮೀನು ಬೀಳುವಾಗ ಅದರ ಪಾಪ ಯಾಕೆ?

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಕೆಳಗೆ ತಾಯಿ-ತಂದೆ ಕಾವಲು ಇರುತ್ತವೆ. ಎಸೆದರೆ ಸಿಟ್ಟಿಗೆ ಹೊಡೆಯುತ್ತವೆ, ಖಂಡಿತ ಸಿಗುತ್ತವೆ. ಅವನ್ನು ಹಿಡಿದರೆ ಮರಿಗಳು ಬೇರೆ ಮೀನಿನ ಬಾಯಿಗೆ. ಅಲ್ಲಿಂದ ಹುಟ್ಟು ಹಾಕಿಕೊಂಡು ಮುಂದೆ ಹೋಗಿ.

ಸಿಕ್ಕ ಮೀನನ್ನು ಬಾಸ್‌ನವರ ಹಾಗೆ ಬಾಯಿಗೆ ಹೆಬ್ಬೆರಳು ಹಾಕಿ ಎತ್ತುವ ಸಾಹಸ ಬೇಡ. ಬಾಸ್‌ಗೆ ಇರುವುದು ಮರಳು ಕಾಗದದಂಥ ಹಲ್ಲು, ಕುಚ್ಚಿಗೆ ಇರುವುದು ನಿಜವಾದ ಹಲ್ಲು. ತುಟಿ ಹಿಡಿಯುವ ಗ್ರಿಪ್, ಉದ್ದ ಮೂಗಿನ ಇಕ್ಕಳ ಎರಡೂ ಬೇಕು. ದೋಣಿಯೊಳಗೆ ಬಂದ ಮೇಲೂ ಅದು ಗಾಳಿ ಕುಡಿದುಕೊಂಡು ಆರಾಮಾಗಿ ಇರುತ್ತದೆ, ಸತ್ತಿತು ಅಂತ ತಿರುಗಿದಾಗ ಜಿಗಿಯುತ್ತದೆ. ಒದ್ದೆ ಗೋಣಿಚೀಲ ಹೊದಿಸಿ.

ಕೊನೆಗೆ ಬಣ್ಣ. ಮೀನು ಹೆದರಬಾರದು ಅಂತ ಹಸಿರು, ಮಾಸಲು ಬಣ್ಣದ ಕಯಾಕ್ ಎಲ್ಲರಿಗೂ ಇಷ್ಟ. ನಾನೂ ಹಸಿರನ್ನೇ ನೋಡಿಟ್ಟಿದ್ದೆ. ಸೂಳೆಕೆರೆಯ ಬಲೆಯ ಅಜ್ಜರೊಬ್ಬರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ ಜೊಂಡಿನ ಕಡೆ ನೋಡಿದರು.

"ಮೀನಿಗೆ ಹೆಂಗೂ ಕೆಳಗಿಂದ ಕರ್ರಗೇ ಕಾಣ್ತತಿ ತಮ್ಮಾ" ಅಂದರು. "ಹಸಿರು ತಗಂಡ್ರೆ, ಸಂಜಿಕೆ ನೀನು ಬರ್ಲಿಲ್ಲ ಅಂದ್ರೆ, ಈ ಜೊಂಡಿನಾಗ ನಿನ್ನ ಎಲ್ಲಿ ಹುಡುಕ್ಲಿ?"

ಕಿತ್ತಳೆ ತಗೊಂಡೆ.